ಯುವನಿಧಿಗೆ ಅರ್ಜಿ ಹಾಕುವ ಮುಂಚೆ ಹೆಸರು ಸರಿಮಾಡಿಕೊಳ್ಳಿ

ಸರ್ಕಾರದ ಸೇವಾಸಿಂಧು ಜಾಲತಾಣದಲ್ಲಿ ಯುವನಿಧಿ, ಅಂದರೆ ನಿರುದ್ಯೋಗ ಭತ್ಯೆಯ ಅರ್ಜಿ ತುಂಬುವುದು ದೊಡ್ಡ ಕೆಲಸವೇನಲ್ಲ. ಆದರೂ ಎಲ್ಲ ಅರ್ಹತೆ ಇರುವ ಹುಡುಗ ಹುಡುಗಿಯರೇ ಫೈಲು ಹಿಡಿದುಕೊಂಡು ತಿಂಗಳುಗಟ್ಟಲೆ ಅಲೆಯುವುದನ್ನು ಗ್ರಾಮ ಒನ್ ಕೇಂದ್ರಗಳಲ್ಲಿ ನೋಡುತ್ತಲೇ ಇದ್ದೇನೆ. ಬಹುಪಾಲು ಗೋಳಿಗೆ ಕಾರಣ ಒಂದೇ: ನಾಲ್ಕು ದಾಖಲೆಯಲ್ಲಿ ನಾಲ್ಕು ಥರ ಹೆಸರು.

1. ನಿಮಗೆ ಸಿಗುತ್ತದಾ ನೋಡಿಕೊಳ್ಳಿ

ಪದವಿ ಮುಗಿಸಿದವರಿಗೆ ತಿಂಗಳಿಗೆ 3,000, ಡಿಪ್ಲೊಮಾ ಮುಗಿಸಿದವರಿಗೆ 1,500 ರೂಪಾಯಿ. ಗರಿಷ್ಠ 2 ವರ್ಷ ಅಥವಾ ಕೆಲಸ ಸಿಗುವವರೆಗೆ, ಯಾವುದು ಮೊದಲೋ ಅದು. ನೋಂದಣಿ ಶುರುವಾದದ್ದು 2023ರ ಡಿಸೆಂಬರ್ 26ರಂದು, 2022-23ರಲ್ಲಿ ಪಾಸಾದವರಿಂದ. ನಂತರ ಪಾಸಾದವರನ್ನೂ ಸೇರಿಸುತ್ತಾ ಬಂದಿದ್ದಾರೆ. ಪಾಸಾಗಿ 180 ದಿನ ಕಳೆದಿರಬೇಕು, ಅಷ್ಟೂ ದಿನ ಕೆಲಸ ಸಿಕ್ಕಿರಬಾರದು. ಮುಂದೆ ಓದುತ್ತಿರುವವರಿಗೆ, ಅಪ್ರೆಂಟಿಸ್ ಆಗಿ ಸಂಬಳ ಪಡೆಯುವವರಿಗೆ ಇದು ಇಲ್ಲ. ರಿಸಲ್ಟ್ ಬಂದ ವಾರವೇ ಓಡಿ ಹೋಗಬೇಡಿ, ಸುಮ್ನೆ ಬಸ್ ಚಾರ್ಜು ದಂಡ.

2. ಆರು ವರ್ಷದ ಲೆಕ್ಕ

ಕರ್ನಾಟಕದಲ್ಲಿ ಕನಿಷ್ಠ 6 ವರ್ಷ ಓದಿರಬೇಕು ಎನ್ನುವುದು ನಿಯಮ. ಪಿಯುಸಿ ಎರಡು, ಡಿಗ್ರಿ ಮೂರು, ಒಟ್ಟು ಐದೇ ಆಯಿತು. ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಸೇರಿಸಿದರೆ ಮಾತ್ರ ಆರು. ಎಸ್ಸೆಸ್ಸೆಲ್ಸಿ ಮುಗಿಸಿ ನೇರ ಪಾಲಿಟೆಕ್ನಿಕ್ ಸೇರಿದವರಿಗೆ ಡಿಪ್ಲೊಮಾದ್ದು ಮೂರೇ ವರ್ಷ. ಹಾಗಾಗಿ ಅವರಿಗೆ 8 ಮತ್ತು 9ನೇ ತರಗತಿಯ ದಾಖಲೆಯೂ ಬೇಕಾಗುತ್ತದೆ. ಆ ಅಂಕಪಟ್ಟಿಗಳನ್ನು ಯಾರು ಜೋಪಾನ ಮಾಡಿರುತ್ತಾರೆ ಹೇಳಿ? ಓದಿದ ಶಾಲೆಗೆ ಹೋಗಿ ಹೆಡ್‌ಮಾಸ್ಟರ್ ಹತ್ತಿರ ವ್ಯಾಸಂಗ ಪ್ರಮಾಣಪತ್ರ ಬರೆಸಿ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಲ್ಲಿ ಮೇಲುಸಹಿ ಹಾಕಿಸಿಕೊಳ್ಳಿ. ಬೇಸಿಗೆ ರಜೆಯಲ್ಲಿ ಹೋದರೆ ಯಾರೂ ಸಿಗುವುದಿಲ್ಲ. ಕೇರಳದ ಕಾಸರಗೋಡಿನಲ್ಲಿ ಕನ್ನಡ ಮಾಧ್ಯಮದಲ್ಲೇ ಓದಿ, ಡಿಗ್ರಿಗೆ ಮಾತ್ರ ಮಂಗಳೂರಿಗೆ ಬಂದವರಿಗೂ ಇಲ್ಲಿನ ಲೆಕ್ಕಕ್ಕೆ ಸಿಗುವುದು ಮೂರೇ ವರ್ಷ.

3. ಹೆಸರು (ಇಲ್ಲಿ ನಿಧಾನ)

ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಡಿಗ್ರಿ ಅಂಕಪಟ್ಟಿ, ಆಧಾರ್, ಬ್ಯಾಂಕ್ ಪಾಸ್‌ಬುಕ್. ನಾಲ್ಕನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟು ಇಂಗ್ಲಿಷ್ ಹೆಸರನ್ನು ಅಕ್ಷರ ಅಕ್ಷರವಾಗಿ ಓದಿ. ನಮ್ಮ ಕಡೆಯ ಇನಿಷಿಯಲ್ಲೇ ಅರ್ಧ ತಲೆನೋವು. ಅಂಕಪಟ್ಟಿಯಲ್ಲಿ ‘ನಂದಿನಿ ಎಚ್ ಎಸ್’, ಆಧಾರ್‌ನಲ್ಲಿ ‘ಎಚ್.ಎಸ್. ನಂದಿನಿ’, ಪಾಸ್‌ಬುಕ್‌ನಲ್ಲಿ ಬರೀ ‘ನಂದಿನಿ’. ಮಂಜುನಾಥನ ಕೊನೆಯಲ್ಲಿ ಒಂದು ಕಡೆ ‘ಎ’ ಇರುತ್ತದೆ, ಇನ್ನೊಂದು ಕಡೆ ಇರುವುದಿಲ್ಲ. ಮದುವೆಯಾದ ಮೇಲೆ ಆಧಾರ್‌ನಲ್ಲಿ ಗಂಡನ ಹೆಸರು ಅಂಟಿಸಿಕೊಂಡವರ ಪಾಡಂತೂ ಕೇಳಬೇಡಿ.

ಸರಿ, ಯಾವುದನ್ನು ತಿದ್ದಿಸಬೇಕು? ಆಧಾರ್ ಅನ್ನೇ. ಅಂಕಪಟ್ಟಿ ತಿದ್ದಿಸಲು ಶಾಲೆ, ಮಂಡಳಿ ಎಂದು ಸುತ್ತಬೇಕು. ಆಧಾರ್ ತಿದ್ದಿಸಲು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯೇ ದಾಖಲೆಯಾಗುತ್ತದೆ. ಆದರೆ ಆಧಾರ್‌ನಲ್ಲಿ ಹೆಸರು ಬದಲಿಸಲು ಜೀವನದಲ್ಲಿ ಎರಡೇ ಅವಕಾಶ, ಹುಟ್ಟಿದ ದಿನಾಂಕಕ್ಕೆ ಒಂದೇ. ಆಪರೇಟರ್ ಟೈಪ್ ಮಾಡುವಾಗ ಮೊಬೈಲ್ ನೋಡಿಕೊಂಡು ಕೂರಬೇಡಿ. ಸ್ಕ್ರೀನನ್ನು ನಿಮ್ಮ ಕಡೆ ತಿರುಗಿಸಿ ಎಂದು ಹೇಳಿ. ಇನಿಷಿಯಲ್ ಹಿಂದಿದೆಯೋ ಮುಂದಿದೆಯೋ, ನಡುವೆ ಚುಕ್ಕಿ ಇದೆಯೋ ಇಲ್ಲವೋ, ಎಲ್ಲ ಅಂಕಪಟ್ಟಿಯಲ್ಲಿ ಇದ್ದಂತೆಯೇ ಬಂದ ಮೇಲೆ ‘ಆಯ್ತು ಸಾರ್, ಓಕೆ ಮಾಡಿ’ ಅನ್ನಿ. ಕೈಗೆ ಕೊಡುವ ಚೀಟಿಯನ್ನೂ ಅಲ್ಲೇ ನಿಂತು ಓದಿ. ಆಧಾರ್ ಸರಿಯಾದ ಮೇಲೆ ಅದನ್ನೇ ಕೊಟ್ಟು ಬ್ಯಾಂಕಿನಲ್ಲೂ ಹೆಸರು ಸರಿಮಾಡಿಸಿ.

ಅಂದಹಾಗೆ, ಅಂಕಪಟ್ಟಿಗೆ ಲ್ಯಾಮಿನೇಷನ್ ಮಾಡಿಸಬೇಡಿ. ಸ್ಕ್ಯಾನ್ ಮಾಡಿದರೆ ಹೊಳಪು ಬಿದ್ದು ನಂಬರೇ ಕಾಣುವುದಿಲ್ಲ. ಒಂದು ಪ್ಲಾಸ್ಟಿಕ್ ಕವರ್ ಸಾಕು. ಮೂಲೆಯಲ್ಲಿ ತನ್ನ ಜಾಹೀರಾತು ಒತ್ತುವ ಉಚಿತ ಸ್ಕ್ಯಾನರ್ ಆ್ಯಪ್‌ಗಳೂ ಬೇಡ.

4. ಬ್ಯಾಂಕ್: ‘ಲಿಂಕ್ ಆಗಿದೆ’ ಎಂದರೆ ಸಾಲದು

ಸರ್ಕಾರ ನೇರವಾಗಿ ಖಾತೆಗೆ ಹಾಕುವ ಡಿಬಿಟಿ ಹಣ ಖಾತೆ ಸಂಖ್ಯೆ ನೋಡಿ ಬರುವುದಿಲ್ಲ, ಆಧಾರ್ ನಂಬರ್ ನೋಡಿ ಬರುತ್ತದೆ. ನಿಮ್ಮ ಆಧಾರ್ ಯಾವ ಬ್ಯಾಂಕಿಗೆ ಜೋಡಣೆಯಾಗಿದೆ ಎನ್ನುವ ಪಟ್ಟಿ ಎನ್‌ಪಿಸಿಐ (ರಾಷ್ಟ್ರೀಯ ಪಾವತಿ ನಿಗಮ) ಹತ್ತಿರ ಇರುತ್ತದೆ. ಅದರಲ್ಲಿ ಒಬ್ಬರಿಗೆ ಒಂದೇ ಬ್ಯಾಂಕ್. ಕೌಂಟರಿನಲ್ಲಿ ‘ಲಿಂಕ್ ಆಗಿದೆ’ ಅಂದರೆ ಎಷ್ಟೋ ಸಲ ಕೆವೈಸಿಗೆ (ಗ್ರಾಹಕರ ಗುರುತು ಪರಿಶೀಲನೆಗೆ) ಆಧಾರ್ ಜೆರಾಕ್ಸ್ ತಗೊಂಡಿದ್ದೇವೆ ಎಂದಷ್ಟೇ ಅರ್ಥ. ಆ ಪಟ್ಟಿಗೆ ಸೇರಿಸುವುದಕ್ಕೆ ಸೀಡಿಂಗ್ ಎನ್ನುತ್ತಾರೆ; ‘ಎನ್‌ಪಿಸಿಐ ಸೀಡಿಂಗ್ ಮಾಡಿಕೊಡಿ’ ಎಂದು ಬಾಯಿಬಿಟ್ಟು ಕೇಳಿ. ಆಮೇಲೆ ಮೈ ಆಧಾರ್ ಜಾಲತಾಣದಲ್ಲಿ ‘ಬ್ಯಾಂಕ್ ಸೀಡಿಂಗ್ ಸ್ಟೇಟಸ್’ ನೋಡಿ, ಬ್ಯಾಂಕಿನ ಹೆಸರು ಬರುತ್ತದೆ. ಸಿಮ್ ಕೊಳ್ಳುವಾಗ ಅಂಗಡಿಯವರು ತೆರೆದುಕೊಟ್ಟ ಯಾವುದೋ ಪೇಮೆಂಟ್ಸ್ ಬ್ಯಾಂಕಿನ ಹೆಸರು ಕಂಡರೆ ಆಶ್ಚರ್ಯಪಡಬೇಡಿ. ದುಡ್ಡು ಅಲ್ಲಿಗೇ ಹೋಗುತ್ತದೆ.

5. ಡಿಗ್ರಿ ಡಿಜಿಲಾಕರ್‌ನಲ್ಲಿ ಇದೆಯಾ?

ಪದವಿಯನ್ನು ಡಿಜಿಲಾಕರ್‌ನಲ್ಲೇ ಸಿಗುವ ನ್ಯಾಡ್ ಎನ್ನುವ ರಾಷ್ಟ್ರೀಯ ಶೈಕ್ಷಣಿಕ ದಾಖಲೆಗಳ ಭಂಡಾರದಲ್ಲಿ ಪರಿಶೀಲಿಸುತ್ತಾರೆ. ವಿಶ್ವವಿದ್ಯಾಲಯ ಅಲ್ಲಿಗೆ ಹಾಕಿರದಿದ್ದರೆ ನಿಮ್ಮ ಕೈಯಲ್ಲಿ ಪ್ರಮಾಣಪತ್ರ ಇದ್ದರೂ ಅರ್ಜಿ ಮುಂದೆ ಹೋಗುವುದಿಲ್ಲ. ಕಾಲೇಜು ಕಚೇರಿಯಲ್ಲಿ ಕೇಳಿ. ಅಲ್ಲಿ ಆಗದಿದ್ದರೆ ವಿಶ್ವವಿದ್ಯಾಲಯದ ಮೌಲ್ಯಮಾಪನ ಕುಲಸಚಿವರಿಗೆ ರಿಜಿಸ್ಟರ್ ನಂಬರ್ ಸಮೇತ ಪತ್ರ ಬರೆದು ಸ್ವೀಕೃತಿ ಪಡೆಯಿರಿ. ಫೋನಿನಲ್ಲಿ ಕೇಳಿ ಕಾಯುತ್ತಾ ಕೂರುವುದು ಕೆಲಸಕ್ಕೆ ಬಾರದ ದಾರಿ.

6. ಅರ್ಜಿ

ತುಂಬಿ, ಸಲ್ಲಿಸಿ, ಸ್ವೀಕೃತಿ ಪ್ರಿಂಟ್ ಇಟ್ಟುಕೊಳ್ಳಿ. ಅಷ್ಟೇ. ಒಂದೇ ಎಚ್ಚರ: ಸೈಬರ್ ಸೆಂಟರಿನವರು ಬೇಗ ಮುಗಿಯಲಿ ಎಂದು ತಮ್ಮ ಮೊಬೈಲ್ ನಂಬರ್ ಹಾಕಿಬಿಡುತ್ತಾರೆ. ಆಮೇಲೆ ಪ್ರತಿ ಒಟಿಪಿಗೂ ಅವರ ಅಂಗಡಿ ಬಾಗಿಲಿಗೇ ಹೋಗಬೇಕು. ವಾಟ್ಸ್ಆ್ಯಪ್‌ನಲ್ಲಿ ಬರುವ ‘ಯುವನಿಧಿ ಲಿಂಕ್’ ಒತ್ತಲೇಬೇಡಿ. ಮೂಲ ದಾಖಲೆ ತೋರಿಸಲು ಜಿಲ್ಲಾ ಉದ್ಯೋಗ ವಿನಿಮಯ ಕಚೇರಿಯಿಂದ ಕರೆ ಬಂದರೆ ಅದೇ ಪ್ಲಾಸ್ಟಿಕ್ ಕವರ್ ಹಿಡಿದು ಹೋಗಿ.

7. ಸ್ವಯಂ ಘೋಷಣೆ

ಮೊದಲ ಕಂತು ಬಂತು, ಆಮೇಲೆ ನಿಂತಿತು ಎನ್ನುವವರು ಮರೆತಿರುವುದು ಇದನ್ನೇ. ನನಗಿನ್ನೂ ಕೆಲಸ ಸಿಕ್ಕಿಲ್ಲ, ಮುಂದೆ ಓದುತ್ತಿಲ್ಲ, ಕರ್ನಾಟಕದಲ್ಲೇ ಇದ್ದೇನೆ ಎಂದು ಸೇವಾಸಿಂಧುವಿನಲ್ಲಿ ಆಗಾಗ ಘೋಷಿಸುತ್ತಿರಬೇಕು. ಶುರುವಿನಲ್ಲಿ ಪ್ರತಿ ತಿಂಗಳು 25ರೊಳಗೆ ಎಂದಿತ್ತು, ಆಮೇಲೆ ಮೂರು ತಿಂಗಳಿಗೊಮ್ಮೆ ಎಂದು ಸಡಿಲಿಸಿದರು. ಘೋಷಿಸಬೇಕಾದ ತಿಂಗಳಲ್ಲಿ 25ರವರೆಗೆ ಕಾಯಬೇಡಿ, ಕೊನೆಯ ದಿನ ಸರ್ವರ್ ನಿಮ್ಮ ಮಾತು ಕೇಳುವುದಿಲ್ಲ. ನಾನಾದರೆ 10ರೊಳಗೆ ಮುಗಿಸುತ್ತೇನೆ. ಎರಡೇ ತಿಂಗಳು ಗಾರ್ಮೆಂಟ್ಸ್‌ನಲ್ಲೋ ಕಾಲ್ ಸೆಂಟರ್‌ನಲ್ಲೋ ದುಡಿದರೂ ಅದನ್ನು ಮುಚ್ಚಿಡಬೇಡಿ. ಪಿಎಫ್ ಕಡಿತವಾಗಿದ್ದರೆ ನಿಮ್ಮ ಯುಎಎನ್‌ನಲ್ಲಿ (ಪಿಎಫ್ ಖಾತೆಯ ಗುರುತಿನ ಸಂಖ್ಯೆಯಲ್ಲಿ) ತಿಂಗಳ ಸಮೇತ ದಾಖಲಾಗಿರುತ್ತದೆ. ಕೆಲಸ ಸಿಕ್ಕರೆ ಅದನ್ನೂ ಅದೇ ಸೇವಾಸಿಂಧುವಿನಲ್ಲಿ ತಿಳಿಸಿ, ಭತ್ಯೆ ನಿಲ್ಲಿಸಿಕೊಳ್ಳಿ. ಸುಳ್ಳು ಘೋಷಣೆಗೆ ದಂಡ ಇದೆ.