ಇಂಜಿನಿಯರಿಂಗ್: ಇಲ್ಲಿಯೂ ಅಲ್ಲಿಯೂ ಅರ್ಜಿ ಹಾಕುವವರಿಗೆ

ಮುಂಬೈ, ಪುಣೆಯ ಪೋಷಕರೇ, ಕರ್ನಾಟಕದಲ್ಲೂ ಸೀಟಿಗೆ ಪ್ರಯತ್ನಿಸುವುದಾದರೆ ಮೊದಲು ಅಂಕದ ಲೆಕ್ಕ ನೋಡಿ. ಮಹಾರಾಷ್ಟ್ರದ ಸಿಇಟಿ, ಅಂದರೆ ಪ್ರವೇಶ ಪರೀಕ್ಷೆ, 200 ಅಂಕದ್ದು, ಗಣಿತಕ್ಕೇ 100. ಕರ್ನಾಟಕದ ಸಿಇಟಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಮೂರಕ್ಕೂ ತಲಾ 60, ಜೊತೆಗೆ ರ್‍ಯಾಂಕಿಗೆ ಹನ್ನೆರಡನೇ ತರಗತಿಯ ಅಂಕವೂ ಅರ್ಧಕ್ಕರ್ಧ ಸೇರುತ್ತದೆ. ಬೋರ್ಡ್ ಪರೀಕ್ಷೆ ಸುಮ್ನೆ ಪಾಸಾದರೆ ಸಾಕು ಅನ್ನುವ ಮಾತು ಅಲ್ಲಿ ನಡೆಯಲ್ಲ.

ನಮ್ಮವರು ಜಾಸ್ತಿ ಗಮನಿಸದ ಇನ್ನೊಂದಿದೆ. ಹೊರನಾಡ ಕನ್ನಡಿಗರೆಂದು ಅರ್ಜಿ ಹಾಕಿದರೆ ಕನ್ನಡ ಭಾಷಾ ಪರೀಕ್ಷೆ ಬರೆಯಬೇಕು. 50 ಅಂಕ, ನಾಲ್ಕನೇ ತರಗತಿಯ ಮಟ್ಟ. ಸುಲಭವೇ. ಆದರೆ ಮನೆಯಲ್ಲಿ ಪಟಪಟ ಮಾತಾಡುವ ಮಕ್ಕಳಿಗೂ ಒತ್ತಕ್ಷರ ಬರೆಯುವಾಗ ಕೈ ನಿಲ್ಲುತ್ತದೆ, ಅಲ್ವಾ? ಈ ರಜೆಯಲ್ಲೇ ಕಾಗುಣಿತ ಶುರು ಮಾಡಿಸಿ. ಇಲ್ಲಿ ಮಹಾರಾಷ್ಟ್ರದ ಸೀಟಿಗೆ ಬೇಕಾದ ಡೊಮಿಸೈಲ್ (ವಾಸಸ್ಥಳದ) ಸರ್ಟಿಫಿಕೇಟಿಗೂ ಈಗಲೇ ಅರ್ಜಿ ಕೊಡಿ, ರಿಸಲ್ಟ್ ಬಂದ ಮೇಲೆ ಎಲ್ಲರೂ ಅಲ್ಲೇ ಸಾಲು ನಿಲ್ಲುತ್ತಾರೆ.