ಬಿಡ್ ಓದುವುದು ಬಿಟ್ಟೆ, ಕೆಲಸ ಕೊಟ್ಟು ನೋಡಿದೆ

ಆರು ವರ್ಷ ನಾನು ಬಿಡಿ ಕೆಲಸ ಕೊಡುವವರನ್ನೂ ಮಾಡುವವರನ್ನೂ ಸೇರಿಸುವ ಫ್ರೀಲಾನ್ಸ್ ತಾಣಗಳಲ್ಲಿ ಕೋಡ್ ಬರೆದೇ ಬದುಕಿದವನು. ಆಮೇಲೆ ಕೈಲಿ ಕೆಲಸ ಜಾಸ್ತಿಯಾಯಿತು. ಒಬ್ಬನ ಕೈಲಿ ಆಗದಾದಾಗ ಅದೇ ತಾಣಗಳಲ್ಲಿ ಬೇರೆ ಪ್ರೋಗ್ರಾಮರ್‌ಗಳನ್ನು ಹುಡುಕಲು ಶುರು ಮಾಡಿದೆ. ಬಿಡ್, ಅಂದರೆ ಇಷ್ಟು ದುಡ್ಡಿಗೆ ಈ ಕೆಲಸ ಮಾಡುತ್ತೇನೆ ಅನ್ನುವ ಅರ್ಜಿ, ಹಾಕುತ್ತಿದ್ದವನು ಬಿಡ್ ಓದುವವನಾದೆ.

ಮೊದಲು ಹಾಕಿದ ಕೆಲಸ ಚಿಕ್ಕದು. ಸಿಎಸ್‌ವಿ ಫೈಲ್‌ನಲ್ಲಿ (ಅಲ್ಪವಿರಾಮ ಹಾಕಿ ಸಾಲುಸಾಲಾಗಿ ಬರೆದ ಪಟ್ಟಿ) ಬರುವ ಪಾವತಿ ವಿವರಗಳನ್ನು ಓದಿ ಡೇಟಾಬೇಸ್‌ಗೆ ತುಂಬುವ ಒಂದು ಸ್ಕ್ರಿಪ್ಟ್ ಇತ್ತು. ಅದು ನಡುವೆ ನಿಂತುಹೋದರೆ ಮತ್ತೆ ಓಡಿಸಬೇಕು, ಓಡಿಸಿದರೆ ಅದೇ ಸಾಲುಗಳು ಎರಡೆರಡು ಸಲ ಸೇರಿಬಿಡುತ್ತಿದ್ದವು. ಅದನ್ನು ಸರಿ ಮಾಡಬೇಕಿತ್ತು, ಅಷ್ಟೇ. ಅರ್ಧ ಗಂಟೆಯಲ್ಲಿ ನಲವತ್ತಕ್ಕೂ ಹೆಚ್ಚು ಬಿಡ್ ಬಂದವು. ಹೆಚ್ಚುಕಡಿಮೆ ಎಲ್ಲದರಲ್ಲೂ ಒಂದೇ ಮಾತು: ನಿಮ್ಮ ಕೆಲಸದ ವಿವರ ಪೂರ್ತಿ ಓದಿದ್ದೇನೆ, ಇಂಥವು ಬಹಳ ಮಾಡಿದ್ದೇನೆ, ಈಗಲೇ ಶುರು ಮಾಡಬಲ್ಲೆ. ಸಾಲು ಎರಡು ಸಲ ಸೇರುವ ವಿಷಯವನ್ನು ಮುಟ್ಟಿದವರು ಇಬ್ಬರೋ ಮೂವರೋ. ಅವರನ್ನು ಬೈಯಲು ನನಗೆ ಮನಸ್ಸು ಬರಲಿಲ್ಲ, ಯಾಕೆಂದರೆ ನಾನೂ ವರ್ಷಗಟ್ಟಲೆ ಹಾಗೇ ಅಂಟಿಸಿದ್ದೇನೆ. ಮೊದಲು ಬಂದ ಹತ್ತು ಬಿಡ್ ಮಾತ್ರ ಓದುತ್ತಾರೆ ಅಂತ ಗೊತ್ತಿದ್ದ ಮೇಲೆ ಯಾರು ತಾನೇ ಕೂತು ಯೋಚಿಸಿ ಬರೆಯುತ್ತಾರೆ?

ಐದು ನಕ್ಷತ್ರ ಇದ್ದವರೊಬ್ಬರನ್ನು ಆರಿಸಿದೆ. ನಾನು ಕೊಟ್ಟ ಮಾದರಿ ಫೈಲಿನಲ್ಲಿ ಸ್ಕ್ರಿಪ್ಟ್ ಚೆನ್ನಾಗಿ ಓಡಿತು, ದುಡ್ಡು ಬಿಡುಗಡೆ ಮಾಡಿದೆ. ನಿಜವಾದ ಫೈಲ್ ಹಾಕಿದ ದಿನ ಮತ್ತೆ ಅದೇ ಕಥೆ. ಎರಡು ವಾರ ಹೋಯಿತು. ಆದರೂ ನಾನೇನು ಮಾಡಿದೆ ಗೊತ್ತಾ? ಅವರಿಗೆ ಐದು ನಕ್ಷತ್ರವನ್ನೇ ಕೊಟ್ಟೆ. ಒಬ್ಬರ ಹೊಟ್ಟೆಪಾಡಿಗೆ ಯಾಕೆ ಕಲ್ಲು ಹಾಕಬೇಕು ಅನಿಸಿತು. ನನ್ನ ಹಾಗೇ ಎಲ್ಲರಿಗೂ ಅನಿಸುವುದರಿಂದಲೇ ಈ ತಾಣಗಳಲ್ಲಿ ಕಂಡವರೆಲ್ಲ ಐದು ನಕ್ಷತ್ರದವರು. ನಾವು ಕಡಿಮೆ ನಕ್ಷತ್ರ ಕೊಟ್ಟರೆ ಅವರೂ ಸೇಡಿಗೆ ಕಡಿಮೆ ಕೊಡುತ್ತಾರೆ ಅನ್ನುವ ಭಯಕ್ಕೆ ಅಪ್‌ವರ್ಕ್ ಎಂಬ ಫ್ರೀಲಾನ್ಸ್ ತಾಣ ಒಂದು ಮದ್ದು ಮಾಡಿದೆ. ಇಬ್ಬರೂ ಬರೆಯುವ ತನಕ, ಇಲ್ಲವೇ 14 ದಿನದ ಗಡುವು ಮುಗಿಯುವ ತನಕ, ಒಬ್ಬರ ಮಾತು ಇನ್ನೊಬ್ಬರಿಗೆ ಕಾಣುವುದಿಲ್ಲ. ಒಳ್ಳೆಯದೇ. ಆದರೆ ಅದು ಭಯಕ್ಕೆ ಮದ್ದು, ದಾಕ್ಷಿಣ್ಯಕ್ಕಲ್ಲ.

ಜಾರ್ಜ್ ಅಕರ್ಲಾಫ್ ಎಂಬ ಅರ್ಥಶಾಸ್ತ್ರಜ್ಞರು 1970ರಲ್ಲೇ ಹಳೆ ಕಾರುಗಳ ಮಾರುಕಟ್ಟೆಯನ್ನು ಇಟ್ಟುಕೊಂಡು ಇದನ್ನು ತೋರಿಸಿದ್ದರು. ಒಳ್ಳೆ ಮಾಲು ಯಾವುದು, ಕೆಟ್ಟದ್ದು ಯಾವುದು ಅಂತ ಕೊಳ್ಳುವವನಿಗೆ ಗೊತ್ತಾಗದಿದ್ದರೆ ಆತ ಎಲ್ಲಕ್ಕೂ ಕಡಿಮೆ ಬೆಲೆಯನ್ನೇ ಕೇಳುತ್ತಾನೆ, ಒಳ್ಳೆ ಮಾಲಿನವರು ಮೆಲ್ಲಗೆ ಸಂತೆ ಬಿಟ್ಟು ಹೋಗುತ್ತಾರೆ. ನನ್ನ ಜೊತೆ ಶುರು ಮಾಡಿದ ಎಷ್ಟೋ ಒಳ್ಳೆ ಪ್ರೋಗ್ರಾಮರ್‌ಗಳು ಹೀಗೆಯೇ ತಾಣ ಬಿಟ್ಟರು. ಅದು ನನಗೆ ಈಗಲೂ ಬೇಸರದ ಸಂಗತಿ.

ಎರಡನೇ ಸಲ ಬೇರೆ ತರ ಮಾಡಿದೆ. ಬಿಡ್ ಹಾಕಿದವರಲ್ಲಿ ಮೂವರನ್ನು ಆರಿಸಿ, ಮೂವರಿಗೂ ಅದೇ ತೊಂದರೆಯ ಒಂದು ತುಂಡು ಕೊಟ್ಟೆ. ಎರಡು ಗಂಟೆಯ ಕೆಲಸ, ಎರಡು ಗಂಟೆಯ ದುಡ್ಡು. ಗೆದ್ದವರಿಗೆ ಮಾತ್ರ ಅಲ್ಲ, ಮೂವರಿಗೂ. ತಾಣದ ಒಳಗೇ ಚಿಕ್ಕ ಒಪ್ಪಂದ ಮಾಡಿ, ದುಡ್ಡನ್ನು ಮೊದಲೇ ಎಸ್ಕ್ರೋದಲ್ಲಿ, ಅಂದರೆ ಕೆಲಸ ಮುಗಿಯುವ ತನಕ ತಾಣದ ಕೈಲಿ, ಇಟ್ಟೆ. ನಿಜವಾದ ಗ್ರಾಹಕರ ವಿವರ ತೆಗೆದು, ಸುಳ್ಳು ಹೆಸರು ತುಂಬಿದ ಫೈಲ್ ಕೊಟ್ಟೆ. ಪುಕ್ಕಟೆ ಪರೀಕ್ಷೆ ಮಾತ್ರ ಯಾರಿಗೂ ಕೊಡಬಾರದು. ಬಿಡುವಿದ್ದವರಷ್ಟೇ ಅದನ್ನು ಮಾಡುತ್ತಾರೆ, ಕೈತುಂಬ ಕೆಲಸ ಇರುವವರು ತಿರುಗಿಯೂ ನೋಡುವುದಿಲ್ಲ.

ಇಬ್ಬರು ಬೇಗ ಮುಗಿಸಿದರು. ದಿನಾಂಕ, ಹೆಸರು, ಮೊತ್ತ ಮೂರೂ ಒಂದೇ ಆಗಿದ್ದರೆ ಸಾಲನ್ನು ಸೇರಿಸಬೇಡ ಅಂತ ಡೇಟಾಬೇಸ್‌ಗೆ ಯುನೀಕ್ ನಿಯಮ ಹಾಕಿದ್ದರು. ಮೂರನೆಯವರು ಕೋಡ್ ಬರೆಯುವ ಮೊದಲೇ ಒಂದು ಪ್ರಶ್ನೆ ಕಳಿಸಿದರು: "ಒಬ್ಬರೇ ಒಂದೇ ದಿನ ಅಷ್ಟೇ ಮೊತ್ತ ಎರಡು ಸಲ ಕಟ್ಟಿದ್ದರೆ? ಅದು ನಕಲಲ್ಲ ಅಲ್ವಾ? ಎರಡನ್ನೂ ಬೇರೆ ಮಾಡಿ ಹೇಳುವ ಕಾಲಮ್ ನಿಮ್ಮ ಫೈಲಿನಲ್ಲಿ ಇಲ್ಲ." ಓದಿ ನಾನು ಸುಮ್ನೆ ಕೂತೆ. ನನಗೇ ಅದು ಹೊಳೆದಿರಲಿಲ್ಲ. ಹಳೆಯ ಫೈಲುಗಳನ್ನು ತೆರೆದು ನೋಡಿದರೆ ಅಂಥ ಪಾವತಿಗಳು ನಿಜಕ್ಕೂ ಇದ್ದವು. ಉಳಿದಿಬ್ಬರ ಕೋಡ್ ಹಾಕಿದ್ದರೆ ಅವು ಸದ್ದಿಲ್ಲದೆ ಮಾಯವಾಗುತ್ತಿದ್ದವು. ಕೊನೆಗೆ ಫೈಲಿನ ಗುರುತು ಮತ್ತು ಸಾಲಿನ ಸಂಖ್ಯೆ ಎರಡನ್ನೂ ಸೇರಿಸಿ ದಾಖಲಿಸುವ ಹಾಗೆ ಆಕೆ ಮಾಡಿಕೊಟ್ಟರು. ಆಕೆಯ ಪ್ರೊಫೈಲಿನಲ್ಲಿ ಇದ್ದದ್ದು ಎರಡೇ ರಿವ್ಯೂ.

ಅವತ್ತಿನಿಂದ ನಾನು ಬಿಡ್ ನೋಡಿ ಯಾರನ್ನೂ ಆರಿಸಿಲ್ಲ. ಅನ್ನ ಬೆಂದಿದೆಯಾ ಅಂತ ತಿಳಿಯಲು ಒಂದು ಅಗುಳು ಸಾಕು, ಆದರೆ ಆ ಅಗುಳನ್ನು ಮುಟ್ಟಿ ನೋಡಬೇಕು. ಕೆಲಸ ಕೊಡುವವರ ತಪ್ಪೂ ಕಡಿಮೆ ಇಲ್ಲ. "ಸರಿ ಮಾಡಿ" ಅಂತ ಒಂದು ಸಾಲು ಬರೆದು, ಕೊನೆಗೆ ಇದಲ್ಲ ನಾನು ಕೇಳಿದ್ದು ಅನ್ನುತ್ತೇವೆ. ಈಗ ನಾನು ಪ್ರತಿ ಕೆಲಸಕ್ಕೂ ಒಳಗೆ ಹೋಗುವ ಫೈಲ್ ಒಂದು, ಹೊರಗೆ ಬರಬೇಕಾದ ಫೈಲ್ ಒಂದು ಜೊತೆಗೇ ಕೊಡುತ್ತೇನೆ. ಎರಡನೆಯದು ಬಂದರೆ ದುಡ್ಡು ಬಿಡುಗಡೆ. ಇದರಿಂದ ಜಗಳ ಬಹಳ ಕಡಿಮೆಯಾಗಿದೆ. ಗಂಟೆ ಲೆಕ್ಕದ ಕೆಲಸದಲ್ಲಿ ಸಮಯದ ಲೆಕ್ಕ ಇಡುವ ಟ್ರ್ಯಾಕರ್ ತೆಗೆಯುವ ಪರದೆಯ ಚಿತ್ರಗಳನ್ನು ನಾನು ನೋಡುವುದೇ ಇಲ್ಲ. ಕಾಗದದ ಮೇಲೆ ಬರೆದು ಯೋಚಿಸುವ ಪ್ರೋಗ್ರಾಮರ್ ಅದರಲ್ಲಿ ಖಾಲಿ ಕೂತವರ ಹಾಗೆ ಕಾಣುತ್ತಾರೆ.

ತಾಣ ನಡೆಸುವವರು ಈ ದುಡ್ಡು ಕೊಟ್ಟು ನೋಡುವ ಪರೀಕ್ಷೆಯನ್ನು ತಾವೇ ಒಂದು ಬಟನ್ ಮಾಡಿ ಇಡಬೇಕು, ಅದರ ಮೇಲೆ ಕಮಿಷನ್ ತೆಗೆದುಕೊಳ್ಳಬಾರದು. 2016ರಿಂದ 2023ರ ತನಕ ಅಪ್‌ವರ್ಕ್ ಒಬ್ಬ ಗ್ರಾಹಕರಿಂದ ಪ್ರೋಗ್ರಾಮರ್ ಗಳಿಸಿದ ಮೊದಲ 500 ಡಾಲರಿಗೆ 20 ಶೇಕಡಾ ಹಿಡಿಯುತ್ತಿತ್ತು, ಅದೇ ಗ್ರಾಹಕರಿಂದ ಗಳಿಕೆ ಹೆಚ್ಚಿದ ಹಾಗೆ 10, ಕೊನೆಗೆ 5. ಹಳೆ ಸಂಬಂಧಕ್ಕೆ ಅದು ಅನುಕೂಲ, ಹೊಸ ಪರಿಚಯಕ್ಕೆ ದೊಡ್ಡ ಹೊರೆ. ಇನ್ನೊಂದು, ನಕ್ಷತ್ರದ ಪಕ್ಕದಲ್ಲಿ "ಎಷ್ಟು ಜನ ಮತ್ತೆ ಕರೆದರು" ಅನ್ನುವ ಸಂಖ್ಯೆ ದೊಡ್ಡದಾಗಿ ಕಾಣಬೇಕು. ದಾಕ್ಷಿಣ್ಯಕ್ಕೆ ನಕ್ಷತ್ರ ಕೊಡಬಹುದು, ದಾಕ್ಷಿಣ್ಯಕ್ಕೆ ಯಾರೂ ಎರಡನೇ ಸಲ ಕೆಲಸ ಕೊಡುವುದಿಲ್ಲ. ಕೆಲಸ ಕೊಡುವವರ ಬಗ್ಗೆಯೂ ಅಷ್ಟೇ: ದುಡ್ಡು ಎಷ್ಟು ದಿನಕ್ಕೆ ಬಿಡುತ್ತಾರೆ, ಎಷ್ಟು ಸಲ ತಕರಾರು ತೆಗೆದಿದ್ದಾರೆ, ಅದೂ ಕಾಣಲಿ.

ಆ ಪ್ರಶ್ನೆ ಕೇಳಿದ ಪ್ರೋಗ್ರಾಮರ್ ಈಗಲೂ ನನ್ನ ಜೊತೆ ಕೆಲಸ ಮಾಡುತ್ತಿದ್ದಾರೆ. ಎಷ್ಟೋ ತಿಂಗಳ ಮೇಲೆ ಮಾತಿನ ನಡುವೆ ಒಂದು ವಿಷಯ ಹೇಳಿದರು. ಬಿಡ್ ಹಾಕಲು ತಾಣಕ್ಕೆ ಕೊಡಬೇಕಾದ ಟೋಕನ್‌ಗಳನ್ನು, ಅಂದರೆ ಕನೆಕ್ಟ್‌ಗಳನ್ನು, ಆಗ ದುಡ್ಡು ಕೊಟ್ಟು ಕೊಳ್ಳಬೇಕಿತ್ತಂತೆ, ಹಿಂದೆ ಹಾಕಿದ ಬಿಡ್‌ಗಳಿಗೆ ಯಾರೂ ಉತ್ತರವನ್ನೇ ಕೊಟ್ಟಿರಲಿಲ್ಲವಂತೆ. ಉಳಿದಿದ್ದ ಕೊನೆಯ ಕನೆಕ್ಟ್‌ಗಳನ್ನು ನನ್ನ ಕೆಲಸಕ್ಕೆ ಹಾಕಿ, ಇದೂ ಆಗದಿದ್ದರೆ ಖಾತೆ ಮುಚ್ಚುವುದು ಅಂದುಕೊಂಡಿದ್ದರಂತೆ.