ಮನೆಯ ಸರ್ವರ್‌ನ ಡಿಸ್ಕ್ ಕೈಕೊಟ್ಟರೆ ಫೈಲ್ ಉಳಿಸಿಕೊಳ್ಳುವುದು ಹೇಗೆ?

ಹಳೇ ಕಂಪ್ಯೂಟರ್‌ಗೆ ಮೂರ್ನಾಲ್ಕು ಹಾರ್ಡ್ ಡಿಸ್ಕ್ ಸಿಕ್ಕಿಸಿ, ಓಪನ್‌ಮೀಡಿಯಾವಾಲ್ಟ್ ಅನ್ನುವ ಸರ್ವರ್ ಸಾಫ್ಟ್‌ವೇರ್ ಹಾಕಿ, ಅದನ್ನೇ ಮನೆಯ ಸರ್ವರ್ ಮಾಡಿಕೊಂಡವರು ಈಗ ಕಡಿಮೆಯೇನಿಲ್ಲ. ಮದುವೆ ವಿಡಿಯೊ, ಮಗುವಿನ ಮೊದಲ ಹೆಜ್ಜೆಯ ಫೋಟೊ, ಸ್ಕ್ಯಾನ್ ಮಾಡಿದ ಪಹಣಿ, ಮಾರ್ಕ್ಸ್ ಕಾರ್ಡ್ ಎಲ್ಲ ಅದರೊಳಗೇ ಇರುತ್ತವೆ. ತಿರುಗುವ ಡಿಸ್ಕ್ ಒಂದಲ್ಲ ಒಂದು ದಿನ ಕೈಕೊಡುತ್ತದೆ, ಅದರಲ್ಲಿ ಅನುಮಾನವೇ ಬೇಡ. ಡಿಸ್ಕ್ ಕೆಟ್ಟ ಮೇಲಿನ ಒಂದೆರಡು ಗಂಟೆ ಇನ್ನೂ ಅಪಾಯದ್ದು. ಗಾಬರಿಯಲ್ಲಿ ಚೆನ್ನಾಗಿದ್ದ ಡಿಸ್ಕನ್ನೇ ಕಿತ್ತವರಿದ್ದಾರೆ. ಪರದೆ ಮೇಲೆ ಬಂದ ಎಚ್ಚರಿಕೆ ಓದದೆ ಬಟನ್ ಒತ್ತಿ, ಉಳಿಯಬಹುದಾಗಿದ್ದನ್ನೂ ಕಳೆದುಕೊಂಡವರಿದ್ದಾರೆ. ಹಾಗಾಗಿ ಡಿಸ್ಕ್ ಚೆನ್ನಾಗಿರುವಾಗ ಮಾಡುವ ತಯಾರಿ ಎಷ್ಟು ಮುಖ್ಯವೋ, ಕೆಟ್ಟ ದಿನ ಸುಮ್ನೆ ಕೂರಬೇಕಾದ ಕಡೆ ಸುಮ್ನೆ ಕೂರುವುದೂ ಅಷ್ಟೇ ಮುಖ್ಯ.

ಮೊದಲು ಫೈಲ್‌ಗಳನ್ನು ಬೇರ್ಪಡಿಸಿ

ಎಲ್ಲ ಫೈಲ್‌ಗೂ ಒಂದೇ ಕಾವಲು ಬೇಕಿಲ್ಲ. ಹೋದರೆ ಮತ್ತೆ ಸಿಗದವು ಒಂದು ಕಡೆ ಇರಲಿ: ಮನೆಯ ಫೋಟೊ, ವಿಡಿಯೊ, ದಾಖಲೆ, ಅಜ್ಜಿ ಹಾಡಿದ ಸೋಬಾನೆಯ ರೆಕಾರ್ಡಿಂಗ್. ಹೋದರೆ ಮತ್ತೆ ಇಳಿಸಿಕೊಳ್ಳಬಹುದಾದವು ಇನ್ನೊಂದು ಕಡೆ: ಸಿನಿಮಾ, ಸಾಫ್ಟ್‌ವೇರ್, ಸಿ.ಡಿ.ಯಿಂದ ತೆಗೆದ ಹಾಡು. ಹೆಚ್ಚಿನ ಮನೆಗಳಲ್ಲಿ ಮೊದಲ ಗುಂಪು ಚಿಕ್ಕದು. ಟೆರಾಬೈಟ್‌ಗಟ್ಟಲೆ ಜಾಗ ತಿನ್ನುವುದು ಎರಡನೆಯದೇ. ಇದು ಗೊತ್ತಾದರೆ ಅರ್ಧ ಖರ್ಚು ಅಲ್ಲೇ ಉಳಿಯುತ್ತದೆ.

ಮಿರರ್ ಬೇಕೋ, ಪ್ಯಾರಿಟಿ ಬೇಕೋ

ಎರಡೇ ಡಿಸ್ಕ್ ಇದ್ದರೆ ಮಿರರ್ ಸಾಕು. ಒಂದರಲ್ಲಿ ಬರೆದದ್ದು ಅದೇ ಕ್ಷಣ ಇನ್ನೊಂದರಲ್ಲೂ ಬರೆಯುತ್ತದೆ. ಹೆಚ್ಚು ತಲೆಕೆಡಿಸಿಕೊಳ್ಳುವಂಥದ್ದೇನಿಲ್ಲ. ಆದರೆ ಅರ್ಧ ಜಾಗ ಅದಕ್ಕೇ ಹೋಗುತ್ತದೆ.

ಮೂರಕ್ಕಿಂತ ಜಾಸ್ತಿ ಡಿಸ್ಕ್ ಇದ್ದು, ಒಮ್ಮೆ ಇಟ್ಟರೆ ಹೆಚ್ಚು ಬದಲಾಗದ ಫೈಲ್‌ಗಳೇ ತುಂಬಿದ್ದರೆ, ಮನೆ ಮಟ್ಟಿಗೆ ನನ್ನ ಮತ ಸ್ನ್ಯಾಪ್‌ರೇಡ್ ಅನ್ನುವ ಸಾಫ್ಟ್‌ವೇರ್‌ಗೆ. ನಾಲ್ಕು ಟಿಬಿಯ ನಾಲ್ಕು ಡಿಸ್ಕ್ ಇದೆ ಅಂದುಕೊಳ್ಳಿ. ಮೂರರಲ್ಲಿ ಫೈಲ್, ನಾಲ್ಕನೆಯದರಲ್ಲಿ ಪ್ಯಾರಿಟಿ, ಅಂದರೆ ಹೋದದ್ದನ್ನು ಲೆಕ್ಕ ಹಾಕಿ ವಾಪಸ್ ತೆಗೆಯಲು ಬೇಕಾದ ಮಾಹಿತಿ. ನಿಮಗೆ ಸಿಗುವ ಜಾಗ 12 ಟಿಬಿ. ಮೂರರಲ್ಲಿ ಯಾವುದು ಹೋದರೂ ಅದನ್ನು ಮತ್ತೆ ಕಟ್ಟಬಹುದು.

ಮೂರು ಡಿಸ್ಕ್‌ನಲ್ಲಿದ್ದದ್ದು ಒಂದರಲ್ಲಿ ಹಿಡಿಸಿದ್ದು ಹೇಗೆ ಅಂತ ಆಶ್ಚರ್ಯವಾಗಬಹುದು. ಲೆಕ್ಕ ಸರಳ. ಡಿಸ್ಕ್‌ನಲ್ಲಿರುವುದೆಲ್ಲ ಕೊನೆಗೆ 0 ಮತ್ತು 1. ಒಂದೇ ಜಾಗದಲ್ಲಿ ಮೊದಲ ಡಿಸ್ಕ್‌ನಲ್ಲಿ 1, ಎರಡನೆಯದರಲ್ಲಿ 0, ಮೂರನೆಯದರಲ್ಲಿ 0 ಇದೆ ಅನ್ನಿ. ನಾಲ್ಕರಲ್ಲೂ ಸೇರಿ 1ಗಳ ಸಂಖ್ಯೆ ಸಮ ಆಗುವಂತೆ ಪ್ಯಾರಿಟಿ ಬರೆಯಬೇಕು. ಈಗಿರುವುದು ಒಂದೇ 1, ಆದ್ದರಿಂದ ಪ್ಯಾರಿಟಿಯೂ 1. ನಾಳೆ ಮೊದಲ ಡಿಸ್ಕ್ ಹೋಯಿತು. ಉಳಿದದ್ದು 0, 0, 1. ಸಮ ಆಗಬೇಕಾದರೆ ಹೋದದ್ದು 1 ಆಗಿರಲೇಬೇಕು. ಇಷ್ಟನ್ನೇ ಲಕ್ಷ ಕೋಟಿ ಸಲ ಮಾಡಿದರೆ ಡಿಸ್ಕ್ ವಾಪಸ್ ಬಂತು. 1988ರಲ್ಲಿ ಬರ್ಕ್ಲಿಯ ಪ್ಯಾಟರ್ಸನ್, ಗಿಬ್ಸನ್ ಮತ್ತು ಕಾಟ್ಜ್ ರೇಡ್ ಅನ್ನುವ ಹೆಸರಿನಲ್ಲಿ ಮುಂದಿಟ್ಟ ಜೋಡಣೆಗಳಲ್ಲೂ ಈ ಲೆಕ್ಕ ಇದೆ.

ಇದರಲ್ಲೊಂದು ಕಿರಿಕ್ ಇದೆ. ರೇಡ್ ಪ್ಯಾರಿಟಿಯನ್ನು ಆಗಿಂದಾಗಲೇ ಬರೆಯುತ್ತದೆ. ಸ್ನ್ಯಾಪ್‌ರೇಡ್ ಬರೆಯುವುದು ನೀವು ಸಿಂಕ್ ಓಡಿಸಿದಾಗ ಮಾತ್ರ. ರಾತ್ರಿ ಸಿಂಕ್ ಆಯಿತು. ಬೆಳಿಗ್ಗೆ ನೀವು ಮೂರನೇ ಡಿಸ್ಕ್‌ನ ಒಂದು ಫೈಲ್ ಬದಲಾಯಿಸಿದಿರಿ, ಅಲ್ಲಿದ್ದ 0 ಈಗ 1 ಆಯಿತು. ಮಧ್ಯಾಹ್ನ ಮೊದಲ ಡಿಸ್ಕ್ ಸತ್ತಿತು. ಈಗ ಉಳಿದದ್ದು 0, 1, 1. ಲೆಕ್ಕ ಹಾಕಿದರೆ ಹೋದದ್ದು 0 ಅಂತ ಬರುತ್ತದೆ, ಅದು ತಪ್ಪು. ಪುಣ್ಯಕ್ಕೆ ಪ್ರತಿ ಫೈಲ್‌ನ ಚೆಕ್‌ಸಮ್, ಅಂದರೆ ಫೈಲ್ ಬದಲಾಗಿದೆಯೇ ಅಂತ ಪತ್ತೆಹಚ್ಚುವ ಗುರುತಿನ ಸಂಖ್ಯೆ, ಸ್ನ್ಯಾಪ್‌ರೇಡ್ ಹತ್ತಿರ ಇರುತ್ತದೆ. ಹಾಗಾಗಿ ತಪ್ಪು ಫೈಲನ್ನು ಸರಿ ಅಂತ ನಿಮ್ಮ ಕೈಗಿಡುವುದಿಲ್ಲ. ಆ ಫೈಲ್ ಉಳಿಸಲಾಗಲಿಲ್ಲ ಅಂತ ನೇರವಾಗಿ ಹೇಳುತ್ತದೆ. ಅಂದರೆ ಒಂದು ಡಿಸ್ಕ್‌ನಲ್ಲಿ ಅಳಿಸಿದ್ದು, ತಿದ್ದಿದ್ದು ಇನ್ನೊಂದು ಡಿಸ್ಕ್‌ನ ಫೈಲ್‌ಗೆ ಕುತ್ತು ತರಬಹುದು. ಫೋಟೊ, ವಿಡಿಯೊಗೆ ಇದು ತೊಂದರೆಯಿಲ್ಲ. ಅವನ್ನು ಯಾರೂ ದಿನಾ ತಿದ್ದುವುದಿಲ್ಲ. ಮನೆಯ ಸರ್ವರ್‌ನಲ್ಲಿ ಫೈಲ್, ಫೋಟೊ ಜೋಡಿಸಿಡುವ ನೆಕ್ಸ್ಟ್‌ಕ್ಲೌಡ್ ಅಥವಾ ಇಮ್ಮಿಚ್‌ನಂಥ ಸಾಫ್ಟ್‌ವೇರ್‌ನ ಡೇಟಾಬೇಸ್ ಮಾತ್ರ ಇಲ್ಲಿ ಬೇಡ. ಅದನ್ನು ಎಸ್‌ಎಸ್‌ಡಿ ಮೇಲಿಟ್ಟು, ದಿನಕ್ಕೊಂದು ಸಲ ಅದರ ಡಂಪ್ (ಪೂರ್ತಿ ಪ್ರತಿ) ತೆಗೆದು ಬ್ಯಾಕಪ್ ಫೋಲ್ಡರ್‌ಗೆ ಹಾಕಿ.

ಹಾಗಿದ್ದೂ ಇದನ್ನೇ ಯಾಕೆ ಹೇಳುತ್ತಿದ್ದೇನೆ ಅಂದರೆ, ಇಲ್ಲಿ ಪ್ರತಿ ಡಿಸ್ಕ್ ತನ್ನಷ್ಟಕ್ಕೆ ತಾನು ಪೂರ್ತಿ. ಎರಡು ಡಿಸ್ಕ್ ಒಟ್ಟಿಗೆ ಹೋದರೂ ಉಳಿದದ್ದನ್ನು ಯಾವ ಲಿನಕ್ಸ್ ಕಂಪ್ಯೂಟರ್‌ಗೆ ಸಿಕ್ಕಿಸಿದರೂ ಅದರಲ್ಲಿದ್ದ ಫೈಲ್ ಓದಬಹುದು. ರೇಡ್ 5ರಲ್ಲಿ ಎರಡು ಹೋದರೆ ಎಲ್ಲವೂ ಹೋಯಿತು. ಹಲವು ಡಿಸ್ಕ್‌ಗಳನ್ನು ಒಂದಾಗಿಸುವ ಜೆಡ್‌ಎಫ್‌ಎಸ್ ಕೂಡ ಒಳ್ಳೆಯದೇ, ಕಚೇರಿಗಾದರೆ ನಾನೂ ಅದನ್ನೇ ಹೇಳುತ್ತಿದ್ದೆ. ಆದರೆ ಅದಕ್ಕೆ ಒಂದೇ ಅಳತೆಯ ಡಿಸ್ಕ್‌ಗಳಿದ್ದರೆ ಚೆನ್ನ, ಮನೆಯಲ್ಲಿ ಒಂದು ಡಿಸ್ಕ್ ಎರಡು ಟಿಬಿ, ಇನ್ನೊಂದು ಆರು ಟಿಬಿ ಇರುತ್ತದೆ, ಅಲ್ವಾ?

ಸೆಟಪ್

ಓಪನ್‌ಮೀಡಿಯಾವಾಲ್ಟ್‌ಗೆ ಓಎಂವಿ-ಎಕ್ಸ್‌ಟ್ರಾಸ್ ಅನ್ನುವ ಹೆಚ್ಚುವರಿ ಪ್ಲಗಿನ್‌ಗಳ ಕಂತೆ ಸೇರಿಸಿದರೆ ಸ್ನ್ಯಾಪ್‌ರೇಡ್ ಮತ್ತು ಮರ್ಜರ್‌ಎಫ್‌ಎಸ್ ಎರಡರ ಪ್ಲಗಿನ್ನೂ ಸಿಗುತ್ತವೆ. ಮರ್ಜರ್‌ಎಫ್‌ಎಸ್ ಎಲ್ಲ ಡೇಟಾ ಡಿಸ್ಕ್‌ಗಳನ್ನೂ ಒಂದೇ ಫೋಲ್ಡರ್‌ನಂತೆ ತೋರಿಸುತ್ತದೆ. ಯಾವ ಸಿನಿಮಾ ಯಾವ ಡಿಸ್ಕ್‌ನಲ್ಲಿದೆ ಅಂತ ಮನೆಯವರು ಹುಡುಕಬೇಕಿಲ್ಲ.

ಪ್ಯಾರಿಟಿ ಡಿಸ್ಕ್ ನಿಮ್ಮ ಅತಿ ದೊಡ್ಡ ಡೇಟಾ ಡಿಸ್ಕ್‌ನಷ್ಟಾದರೂ ಇರಬೇಕು. ಹೊಸದಾಗಿ ಕೊಳ್ಳುವ ದೊಡ್ಡ ಡಿಸ್ಕನ್ನು ಪ್ಯಾರಿಟಿಗೇ ಕೊಡಿ. ನಾಲ್ಕು ಡೇಟಾ ಡಿಸ್ಕ್‌ವರೆಗೆ ಒಂದು ಪ್ಯಾರಿಟಿ ಸಾಕು, ಐದಾದರೆ ಎರಡು ಇಡಿ. ಪ್ಲಗಿನ್‌ನಲ್ಲಿ ಪ್ರತಿ ಡಿಸ್ಕ್ ಸೇರಿಸುವಾಗ ಡೇಟಾ, ಕಂಟೆಂಟ್, ಪ್ಯಾರಿಟಿ ಅಂತ ಆಯ್ಕೆ ಕೇಳುತ್ತದೆ. ಡೇಟಾ ಡಿಸ್ಕ್‌ಗಳಿಗೆಲ್ಲ ಕಂಟೆಂಟ್ ಕೂಡ ಟಿಕ್ ಮಾಡಿ. ಯಾವ ಫೈಲ್ ಎಲ್ಲಿದೆ, ಅದರ ಚೆಕ್‌ಸಮ್ ಏನು ಅನ್ನುವ ಪಟ್ಟಿ ಆ ಕಂಟೆಂಟ್ ಫೈಲ್‌ನಲ್ಲಿರುತ್ತದೆ. ಅದೊಂದು ಕಳೆದರೆ ಪ್ಯಾರಿಟಿ ಇದ್ದೂ ಪ್ರಯೋಜನವಿಲ್ಲ.

ಮೊದಲ ಸಿಂಕ್‌ಗೆ ಹೊತ್ತು ಹಿಡಿಯುತ್ತದೆ. ನಾಲ್ಕು ಟಿಬಿ ತುಂಬಿದ ಡಿಸ್ಕನ್ನು ಸೆಕೆಂಡಿಗೆ 150 ಎಂಬಿ ವೇಗದಲ್ಲಿ ಓದಿದರೂ ಏಳೂವರೆ ಗಂಟೆ ಬೇಕು. ಮಲಗುವ ಮುಂಚೆ ಹಚ್ಚಿಬಿಡಿ. ಆಮೇಲೆ ದಿನಾ ರಾತ್ರಿ ಸಿಂಕ್, ವಾರಕ್ಕೊಮ್ಮೆ ಸ್ಕ್ರಬ್ ಆಗುವಂತೆ ಶೆಡ್ಯೂಲ್ ಮಾಡಿ. ಹಳೆಯ ಫೈಲ್‌ಗಳು ಕೂತಲ್ಲೇ ಕೆಟ್ಟಿವೆಯೇ ಅಂತ ಸ್ಕ್ರಬ್ ಓದಿ ನೋಡುತ್ತದೆ. ಏನೂ ಹೇಳದಿದ್ದರೆ ಒಂದು ಸಲಕ್ಕೆ ಶೇ 8ರಷ್ಟನ್ನು ಮಾತ್ರ ನೋಡುವುದರಿಂದ ಡಿಸ್ಕ್‌ಗೆ ಹೊರೆ ಆಗುವುದಿಲ್ಲ. ಪ್ಲಗಿನ್‌ನಲ್ಲಿ ಡಿಲೀಟ್ ಥ್ರೆಶೋಲ್ಡ್ ಅಂತ ಒಂದು ಸೆಟ್ಟಿಂಗ್ ಇದೆ. ಇಷ್ಟಕ್ಕಿಂತ ಹೆಚ್ಚು ಫೈಲ್ ಒಮ್ಮೆಲೇ ಮಾಯವಾಗಿದ್ದರೆ ಸಿಂಕ್ ಮಾಡಬೇಡ ಅಂತ ಅದರರ್ಥ. ದಯವಿಟ್ಟು ಅದನ್ನು ಆಫ್ ಮಾಡಬೇಡಿ.

ಕರೆಂಟಿನ ವಿಷಯ ನಮ್ಮಲ್ಲಿ ಹೇಳಬೇಕಾದ್ದೇ. ಮನೆಯಲ್ಲಿ ಇನ್ವರ್ಟರ್ ಇದೆ ಅಂತ ನೆಚ್ಚಿಕೊಳ್ಳಬೇಡಿ. ಅದು ಬದಲಾಗುವ ಆ ಚಿಕ್ಕ ಅಂತರದಲ್ಲೇ ಕೆಲವು ಕಂಪ್ಯೂಟರ್ ರೀಸ್ಟಾರ್ಟ್ ಆಗುತ್ತವೆ. ಯುಎಸ್‌ಬಿ ವೈರ್ ಇರುವ ಒಂದು ಚಿಕ್ಕ ಯುಪಿಎಸ್ ತಂದು, ನಟ್ (NUT) ಅನ್ನುವ ಪ್ಲಗಿನ್ ಹಾಕಿದರೆ ಬ್ಯಾಟರಿ ಇಳಿಯುವ ಮುಂಚೆ ಸರ್ವರ್ ತಾನೇ ಶಟ್‌ಡೌನ್ ಆಗುತ್ತದೆ.

ಡಿಸ್ಕ್‌ಗೆ ಹೆಸರು ಅಂಟಿಸಿ

ಹತ್ತು ನಿಮಿಷದ ಕೆಲಸ, ಹೆಚ್ಚಿನವರು ಮಾಡುವುದಿಲ್ಲ. ಸರ್ವರ್ ಆಫ್ ಮಾಡಿ, ಪ್ರತಿ ಡಿಸ್ಕ್‌ನ ಸೀರಿಯಲ್ ನಂಬರ್‌ನ ಕೊನೆಯ ನಾಲ್ಕು ಅಕ್ಷರವನ್ನು ಮಾರ್ಕರ್‌ನಲ್ಲಿ ದೊಡ್ಡದಾಗಿ ಬರೆದು, ಹೊರಗಿಂದ ಕಾಣುವ ಕಡೆ ಅಂಟಿಸಿ. ಎಸ್‌ಡಿಎ, ಎಸ್‌ಡಿಬಿ ಅಂತ ಲಿನಕ್ಸ್ ಕೊಡುವ ಹೆಸರು ರೀಬೂಟ್ ಆದಾಗ ಅದಲುಬದಲಾಗಬಹುದು. ಸೀರಿಯಲ್ ನಂಬರ್ ಬದಲಾಗುವುದಿಲ್ಲ.

ಇದೇ ಹೊತ್ತಿಗೆ, ಡಿಸ್ಕ್ ತನ್ನ ಆರೋಗ್ಯವನ್ನು ತಾನೇ ವರದಿ ಮಾಡುವ ಸ್ಮಾರ್ಟ್ ಮಾನಿಟರಿಂಗ್ ಆನ್ ಮಾಡಿ, ಎಚ್ಚರಿಕೆ ನಿಮ್ಮ ಇಮೇಲ್‌ಗೆ ಬರುವಂತೆ ಮಾಡಿ. ಪಟ್ಟಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಅಂಕಿ ಇರಬಹುದು. ನೀವು ನೋಡಬೇಕಾದ್ದು ಮೂರ್ನಾಲ್ಕು. 5ನೇ ಸಂಖ್ಯೆಯದು, ಕೆಟ್ಟ ಜಾಗ ಬಿಟ್ಟು ಬೇರೆ ಕಡೆ ಬರೆದ ಸೆಕ್ಟರ್‌ಗಳ (ಡಿಸ್ಕ್‌ನ ಚಿಕ್ಕ ಚಿಕ್ಕ ಭಾಗಗಳ) ಲೆಕ್ಕ. 197 ಅಂದರೆ ಓದಲು ಒದ್ದಾಡುತ್ತಿರುವ ಸೆಕ್ಟರ್, 198 ಅಂದರೆ ಓದಲು ಆಗದೇ ಹೋದದ್ದು. ಇವು ಸೊನ್ನೆಯಲ್ಲಿದ್ದರೆ ಸರಿ. ವಾರದಿಂದ ವಾರಕ್ಕೆ ಏರುತ್ತಿದ್ದರೆ ಹೊಸ ಡಿಸ್ಕ್ ಆರ್ಡರ್ ಮಾಡಿ. 199 ಏರುತ್ತಿದ್ದರೆ ತಪ್ಪು ಬಹುತೇಕ ಕೇಬಲ್‌ನದ್ದು, ಡಿಸ್ಕ್‌ನದ್ದಲ್ಲ.

ಹಾಗಂತ ಸ್ಮಾರ್ಟ್ ಎಲ್ಲವನ್ನೂ ಮೊದಲೇ ಹೇಳುವುದಿಲ್ಲ. ಗೂಗಲ್ ಸಂಶೋಧಕರು 2007ರಲ್ಲಿ ತಮ್ಮ ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕ್‌ಗಳ ಲೆಕ್ಕ ಪ್ರಕಟಿಸಿದರು. ಕೆಟ್ಟವುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಮುಖ್ಯವಾದ ನಾಲ್ಕು ಸ್ಮಾರ್ಟ್ ಸೂಚನೆಗಳಲ್ಲಿ ಒಂದನ್ನೂ ತೋರಿಸಿರಲಿಲ್ಲ.

ಇನ್ನೊಂದು ಪ್ರತಿ ಬೇರೆ ಮನೆಯಲ್ಲಿ

ಮಿರರ್ ಇರಲಿ, ಪ್ಯಾರಿಟಿ ಇರಲಿ, ಅದು ಬ್ಯಾಕಪ್ ಅಲ್ಲ. ಮಗ ತಪ್ಪಿ ಒಂದು ಫೋಲ್ಡರ್ ಅಳಿಸಿದರೆ ಮಿರರ್ ಅದೇ ಕ್ಷಣ ಎರಡೂ ಕಡೆ ಅಳಿಸುತ್ತದೆ. ಕಳ್ಳ ಬಂದರೆ ಡಬ್ಬಿ ಸಮೇತ ಹೊರುತ್ತಾನೆ. ಸಿಡಿಲಿಗೆ ನಾಲ್ಕೂ ಡಿಸ್ಕ್ ಒಟ್ಟಿಗೆ ಸುಡಬಹುದು. ಆದ್ದರಿಂದ ಮೊದಲ ಗುಂಪಿನ ಫೈಲ್‌ಗಳಿಗೆ, ಅಂದರೆ ಮತ್ತೆ ಸಿಗದವುಗಳಿಗೆ, ಇನ್ನೆರಡು ಪ್ರತಿ ಬೇಕು.

ಒಂದು, ಯುಎಸ್‌ಬಿ ಡಿಸ್ಕ್. ತಿಂಗಳಿಗೊಮ್ಮೆ ಸಿಕ್ಕಿಸಿ, ಕಾಪಿ ಮಾಡಿ, ಕಿತ್ತು ಬೀರುವಿನಲ್ಲಿಡಿ. ಸಿಕ್ಕಿಸಿಯೇ ಬಿಟ್ಟರೆ ವೈರಸ್‌ಗೂ ಸಿಡಿಲಿಗೂ ಅದೂ ಸಿಗುತ್ತದೆ. ಇನ್ನೊಂದು, ಬೇರೆ ಜಾಗದಲ್ಲಿ. ತಂಗಿ ಮನೆಗೆ ಹೋಗುವಾಗ ಎರಡನೇ ಯುಎಸ್‌ಬಿ ಡಿಸ್ಕ್ ಕೊಟ್ಟು, ಹಳೆಯದನ್ನು ವಾಪಸ್ ತಂದರೂ ಆಯಿತು. ಇಂಟರ್ನೆಟ್ ಮೂಲಕ ಕಳಿಸುವವರು ರೆಸ್ಟಿಕ್ ಅನ್ನುವ ಬ್ಯಾಕಪ್ ಸಾಫ್ಟ್‌ವೇರ್ ಬಳಸಬಹುದು. ಅದು ಎಲ್ಲವನ್ನೂ ಎನ್‌ಕ್ರಿಪ್ಟ್ ಮಾಡಿಯೇ ಕಳಿಸುತ್ತದೆ. ಮೊದಲ ಸಲ ತಾಳ್ಮೆ ಬೇಕು: 500 ಜಿಬಿ ಕಳಿಸಲು 20 ಎಂಬಿಪಿಎಸ್ ಅಪ್‌ಲೋಡ್‌ನಲ್ಲಿ ಎರಡು ದಿನಕ್ಕಿಂತ ಜಾಸ್ತಿ ಹಿಡಿಯುತ್ತದೆ. ಪಾಸ್‌ವರ್ಡ್ ಮರೆತರೆ ದೇವರೂ ತೆಗೆಯಲಾರ. ಕಾಗದದಲ್ಲಿ ಬರೆದು ಮನೆಪತ್ರದ ಜೊತೆ ಇಡಿ.

ಆಮೇಲೆ ಯಾವುದಾದರೂ ಒಂದು ಫೋಲ್ಡರನ್ನು ಬ್ಯಾಕಪ್‌ನಿಂದ ವಾಪಸ್ ತೆಗೆದು, ನಾಲ್ಕು ಫೋಟೊ ತೆರೆದು ನೋಡಿ. ಬ್ಯಾಕಪ್ ತೆರೆಯುವುದಿಲ್ಲ ಅಂತ ಡಿಸ್ಕ್ ಹೋದ ದಿನ ಗೊತ್ತಾದರೆ, ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ.

ಡಿಸ್ಕ್ ಕೆಟ್ಟ ದಿನ

ಇಮೇಲ್ ಬಂತು, ಅಥವಾ ಒಂದಷ್ಟು ಫೋಲ್ಡರ್ ಕಾಣುತ್ತಿಲ್ಲ. ಮೊದಲು ಶೆಡ್ಯೂಲ್ ಆದ ಸಿಂಕ್ ನಿಲ್ಲಿಸಿ. ಮನೆಯ ಬೇರೆ ಕಂಪ್ಯೂಟರ್‌ಗಳಿಗೆ ಫೋಲ್ಡರ್ ಹಂಚುವ ಸಾಂಬಾ ಶೇರ್ ನಿಲ್ಲಿಸಿ. ಮೊಬೈಲ್‌ಗಳಿಂದ ತಾನಾಗೇ ಬರುವ ಫೋಟೊ ಅಪ್‌ಲೋಡ್ ನಿಲ್ಲಿಸಿ. ಉಳಿದ ಡಿಸ್ಕ್‌ಗಳ ಮೇಲೆ ಒಂದಕ್ಷರವೂ ಬದಲಾಗಬಾರದು. ಯಾಕೆ ಅಂತ ಮೇಲಿನ 0, 1ರ ಲೆಕ್ಕದಲ್ಲಿ ನೋಡಿದಿರಲ್ಲ.

ಈ ಹೊತ್ತಲ್ಲಿ ಸಿಂಕ್ ಓಡಿಸಿದರೆ ಸ್ನ್ಯಾಪ್‌ರೇಡ್ ತಾನೇ ತಡೆಯುತ್ತದೆ. ಈ ಡಿಸ್ಕ್‌ನಲ್ಲಿದ್ದ ಎಲ್ಲ ಫೈಲ್ ಕಾಣೆಯಾಗಿವೆ, ನಿಜವಾಗಿಯೂ ಮುಂದುವರಿಯಬೇಕಾದರೆ ಫೋರ್ಸ್ ಎಂಪ್ಟಿ ಅಂತ ಸೇರಿಸಿ ಅನ್ನುತ್ತದೆ. ಅಂತರ್ಜಾಲದಲ್ಲಿ ಯಾರೋ ಹೇಳಿದರು ಅಂತ ಅದನ್ನು ಸೇರಿಸಿದಿರೋ, ಕೆಟ್ಟಿರಿ. ಆ ಡಿಸ್ಕ್ ಖಾಲಿ ಅಂತಲೇ ಹೊಸ ಪ್ಯಾರಿಟಿ ಬರೆಯುತ್ತದೆ. ವಾಪಸ್ ಬರುವ ದಾರಿ ಅಲ್ಲಿಗೆ ಮುಚ್ಚಿತು.

ಎರಡನೆಯದು, ಸರ್ವರ್ ಆಫ್ ಮಾಡಿ ಕೇಬಲ್ ನೋಡಿ. ಎಸ್‌ಎಟಿಎ ಕೇಬಲ್ ಬದಲಿಸಿ, ಬೇರೆ ಪೋರ್ಟ್‌ಗೆ ಸಿಕ್ಕಿಸಿ. ಅಗ್ಗದ ಪವರ್ ಅಡಾಪ್ಟರ್ ಹಾಕಿದ್ದರೆ ಅದರ ಪ್ಲಾಸ್ಟಿಕ್ ಕಪ್ಪಾಗಿದೆಯೇ ನೋಡಿ. ಅಚ್ಚು ಹೊಯ್ದ ಮೊಲೆಕ್ಸ್ ಅಡಾಪ್ಟರ್‌ಗಳು ಬಿಸಿಯಾಗಿ ಕರಗಿ ಬೆಂಕಿ ಹೊತ್ತಿಕೊಂಡದ್ದೂ ಉಂಟು. ಕೇಬಲ್ ಬದಲಿಸಿದ ಮೇಲೆ ಡಿಸ್ಕ್ ಎದ್ದು ಕೂತು, 5, 197, 198 ಮೂರೂ ಸೊನ್ನೆಯಲ್ಲೇ ಇದ್ದರೆ ನಿಮ್ಮ ದುಡ್ಡು ಉಳಿಯಿತು.

ಟಿಕ್ ಟಿಕ್ ಅಂತ ಸದ್ದು ಬರುತ್ತಿದ್ದರೆ ಮತ್ತೆ ಮತ್ತೆ ಆನ್ ಮಾಡಬೇಡಿ. ಹೆಡ್ ತಟ್ಟೆಯನ್ನು ಕೆರೆಯುತ್ತಿರಬಹುದು. ಫ್ರೀಜರ್‌ನಲ್ಲಿಟ್ಟರೆ ಸರಿಹೋಗುತ್ತದೆ ಅನ್ನುವ ಮಾತು ಇನ್ನೂ ಓಡಾಡುತ್ತಿದೆ. ಹೊರಗೆ ತೆಗೆದಾಗ ತಟ್ಟೆ ಮೇಲೆ ನೀರಿನ ಪಸೆ ಕೂರುತ್ತದೆ, ಅಷ್ಟೇ. ರಿಪೇರಿ ಮಾಡು ಅಂತ ಎಫ್‌ಎಸ್‌ಸಿಕೆ (fsck) ಕಮಾಂಡ್ ಓಡಿಸುವುದೂ ಬೇಡ, ಅದು ಸಾಯುತ್ತಿರುವ ಡಿಸ್ಕ್ ಮೇಲೆ ಬರೆಯುತ್ತದೆ. ಪ್ಯಾರಿಟಿಯೂ ಇಲ್ಲ, ಬ್ಯಾಕಪ್ಪೂ ಇಲ್ಲ, ಡಿಸ್ಕ್ ಇನ್ನೂ ಅಷ್ಟಿಷ್ಟು ಓದುತ್ತಿದೆ, ಸದ್ದೂ ಇಲ್ಲ ಅನ್ನುವವರಿಗೆ ಡಿಡಿರೆಸ್ಕ್ಯೂ ಅನ್ನುವ ಸಾಫ್ಟ್‌ವೇರ್ ಇದೆ. ಸುಲಭವಾಗಿ ಓದಲಾಗುವ ಭಾಗವನ್ನು ಮೊದಲು ಹೊಸ ಡಿಸ್ಕ್‌ಗೆ ಎಳೆದು, ಕಷ್ಟದ್ದನ್ನು ಕೊನೆಗಿಟ್ಟುಕೊಳ್ಳುತ್ತದೆ.

ಡಿಸ್ಕ್ ಹೋದದ್ದೇ ಖಚಿತವಾದರೆ, ಸ್ಟಿಕ್ಕರ್ ನಂಬರ್ ನೋಡಿ ಅದನ್ನು ಕಿತ್ತು, ಹೊಸದು ಹಾಕಿ. ಹೊಸದು ಅಂದಾಕ್ಷಣ ನಂಬಬೇಡಿ. ಸ್ಮಾರ್ಟ್‌ನ ಪೂರ್ತಿ ಲಾಂಗ್ ಟೆಸ್ಟ್ ಒಮ್ಮೆ ಓಡಿಸಿ. ಫಾರ್ಮ್ಯಾಟ್ ಮಾಡಿ, ಸ್ನ್ಯಾಪ್‌ರೇಡ್ ಸೆಟ್ಟಿಂಗ್‌ನಲ್ಲಿ ಹಳೇ ಡಿಸ್ಕ್‌ಗಿದ್ದ ಹೆಸರನ್ನೇ ಇದಕ್ಕೆ ಕೊಟ್ಟು, ಆ ಡಿಸ್ಕ್‌ಗೆ ಮಾತ್ರ ಫಿಕ್ಸ್ ಓಡಿಸಿ. ಉಳಿದ ಎಲ್ಲ ಡಿಸ್ಕ್ ಗಂಟೆಗಟ್ಟಲೆ ಎಡೆಬಿಡದೆ ಓದುತ್ತವೆ. ಡಬ್ಬಿ ಬಿಸಿಯಾಗುತ್ತದೆ, ಬೇಸಿಗೆಯ ಮಧ್ಯಾಹ್ನವಾದರೆ ಮುಚ್ಚಳ ತೆಗೆದು ಫ್ಯಾನ್ ಹಚ್ಚಿ. ಒಂದೇ ದಿನ ಒಂದೇ ಅಂಗಡಿಯಿಂದ ಒಂದೇ ಬ್ಯಾಚಿನ ನಾಲ್ಕು ಡಿಸ್ಕ್ ತರಬೇಡಿ ಅನ್ನುವುದು ಇದಕ್ಕೇ. ಒಂದರ ಆಯಸ್ಸು ಮುಗಿದಾಗ ಅದರ ಜೊತೆಯವೂ ದಣಿದಿರುತ್ತವೆ.

ಫಿಕ್ಸ್ ಮುಗಿದ ಮೇಲೆ ಲಾಗ್ ಓದಿ. ಉಳಿಸಲಾಗದ ಫೈಲ್‌ಗಳ ಹೆಸರಿನ ತುದಿಗೆ ಅನ್‌ರಿಕವರೇಬಲ್ ಅಂತ ಸೇರಿಸಿರುತ್ತದೆ. ಅವನ್ನು ಹುಡುಕಿ, ಬ್ಯಾಕಪ್‌ನಿಂದ ತಂದು ಹಾಕಿ. ಒಮ್ಮೆ ಚೆಕ್ ಓಡಿಸಿ. ಎಲ್ಲ ಸರಿ ಅಂತ ಬಂದ ಮೇಲೆ ಸಿಂಕ್. ಆಮೇಲೆ ನಿಲ್ಲಿಸಿದ್ದ ಶೆಡ್ಯೂಲ್, ಶೇರ್, ಅಪ್‌ಲೋಡ್ ಮತ್ತೆ ಶುರು ಮಾಡಿ. ಶೆಡ್ಯೂಲ್ ಆನ್ ಮಾಡಲು ಮರೆಯುವವರೇ ಜಾಸ್ತಿ.

ಕಿತ್ತ ಡಿಸ್ಕನ್ನು ಚೆಕ್ ಮುಗಿಯುವ ತನಕ ಎಸೆಯಬೇಡಿ. ನ್ಯಾಸ್‌ಗೆಂದೇ (ಇಂಥ ಫೈಲ್ ಸರ್ವರ್‌ಗೆಂದೇ) ಬರುವ ಡಿಸ್ಕ್‌ಗಳಿಗೆ ಸಾಮಾನ್ಯವಾಗಿ 3ರಿಂದ 5 ವರ್ಷ ವಾರಂಟಿ ಇರುತ್ತದೆ, ಬಿಲ್ ಹುಡುಕಿ. ವಾರಂಟಿಯಲ್ಲಿ ಬರುವುದು ಡಿಸ್ಕ್ ಮಾತ್ರ, ಅದರಲ್ಲಿದ್ದದ್ದು ಬರುವುದಿಲ್ಲ. ಕಳಿಸುವ ಮುಂಚೆ ಅದನ್ನು ಪೂರ್ತಿ ಅಳಿಸಬೇಕು. ಅಳಿಸಲೂ ಆಗದಷ್ಟು ಕೆಟ್ಟಿದ್ದು, ಒಳಗೆ ಆಧಾರ್, ಬ್ಯಾಂಕ್ ಸ್ಟೇಟ್‌ಮೆಂಟ್ ಇದ್ದರೆ ನಾನಂತೂ ವಾರಂಟಿ ಆಸೆ ಬಿಟ್ಟು ಡ್ರಿಲ್ ಹುಡುಕುತ್ತೇನೆ.